ಹೊರವಲಯದಲ್ಲಿ ಸ್ವಂತ ಮನೆ ಕಟ್ಟುವುದೋ, ಬಾಡಿಗೆ ಮನೆಯಲ್ಲಿ ಮುಂದುವರಿಯುವುದೋ: ಭಾನುವಳ್ಳಿ ಹಾಗೂ ಹರಿಹರ ಸುತ್ತಮುತ್ತಲಿನ ಕುಟುಂಬಗಳಿಗೆ ಮಾಹಿತಿ

ದಾವಣಗೆರೆ ಮತ್ತು ಹರಿಹರ ನಗರಗಳಲ್ಲಿ ಉದ್ಯೋಗ, ವ್ಯಾಪಾರ ಅಥವಾ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ಬಾಡಿಗೆ ಮನೆಯಲ್ಲಿರುವ ಅನೇಕ ಕುಟುಂಬಗಳು, ನಗರದೊಳಗಿನ ನಿವೇಶನದ ಬೆಲೆ ಕೈಗೆಟುಕದ ಕಾರಣ, ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಹೊರವಲಯದ ಗ್ರಾಮಗಳಲ್ಲಿ ಮನೆ ಕಟ್ಟುವ ಬಗ್ಗೆ ಆಲೋಚಿಸುತ್ತಿವೆ. ಈ ಸಂಬಂಧ ನಿರ್ಧಾರ ಕೈಗೊಳ್ಳುವ ಮುನ್ನ ಪರಿಗಣಿಸಬೇಕಾದ ಖರ್ಚು, ಕಾನೂನು ಹಾಗೂ ದಾಖಲೆಗಳ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

“ಬಾಡಿಗೆ ಕೊಡುವ ಹಣದಲ್ಲೇ ಕಂತು ಕಟ್ಟಿದರೆ ಮನೆ ನಮ್ಮದಾಗುತ್ತದೆ” ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತು ಎಲ್ಲ ಸಂದರ್ಭಗಳಿಗೂ ಅನ್ವಯಿಸುವುದಿಲ್ಲ. ಗ್ರಾಮಠಾಣಾದೊಳಗೆ ಪಿತ್ರಾರ್ಜಿತ ಜಾಗ ಹೊಂದಿರುವವರ ಲೆಕ್ಕವೇ ಬೇರೆ. ಹೊಸ ಖಾಸಗಿ ಬಡಾವಣೆಯಲ್ಲಿ ನಿವೇಶನ ಖರೀದಿಸಿ ಕಟ್ಟುವವರ ಲೆಕ್ಕವೇ ಬೇರೆ. ಎರಡನೆಯ ವರ್ಗದವರು ದಾಖಲೆಗಳು ಪೂರ್ಣಗೊಳ್ಳುವವರೆಗೆ ಬಾಡಿಗೆ ಮನೆಯಲ್ಲಿಯೇ ಮುಂದುವರಿಯುವುದರಿಂದ ನಷ್ಟವೇನೂ ಇಲ್ಲ ಎಂಬುದನ್ನು ಮುಂದಿನ ಅಂಕಿಗಳಿಂದ ಕಾಣಬಹುದು.

ಖರ್ಚಿನ ಲೆಕ್ಕ

ಕೆಳಗಿನ ಮೊತ್ತಗಳನ್ನು ಲೆಕ್ಕ ಹಾಕುವ ವಿಧಾನ ತೋರಿಸಲು ಮಾತ್ರ ಇಟ್ಟುಕೊಳ್ಳಲಾಗಿದ್ದು, ಇವು ಯಾವುದೇ ಗ್ರಾಮದ ಮಾರುಕಟ್ಟೆ ದರಗಳಲ್ಲ. ಓದುಗರು ತಮ್ಮ ಸ್ವಂತ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಿಕೊಳ್ಳಬಹುದು.

ಒಂದು ಕುಟುಂಬವು ಹರಿಹರದಲ್ಲಿ ತಿಂಗಳಿಗೆ 6,000 ರೂ. ಬಾಡಿಗೆ ನೀಡುತ್ತಿದೆ, 12 ಲಕ್ಷ ರೂ. ಉಳಿತಾಯ ಹೊಂದಿದೆ ಎಂದಿಟ್ಟುಕೊಳ್ಳೋಣ. ಹೊರವಲಯದಲ್ಲಿ 30×40 ಅಳತೆಯ ನಿವೇಶನಕ್ಕೆ 8 ಲಕ್ಷ ರೂ., ಚದರವೊಂದಕ್ಕೆ 2 ಲಕ್ಷ ರೂ. ದರದಲ್ಲಿ ಹತ್ತು ಚದರದ ಮನೆಗೆ 20 ಲಕ್ಷ ರೂ., ನೀರಿನ ತೊಟ್ಟಿ, ಕಾಂಪೌಂಡು ಮತ್ತು ವಿದ್ಯುತ್ ಸಂಪರ್ಕಕ್ಕೆ 1.5 ಲಕ್ಷ ರೂ. ಆಗುತ್ತದೆ. ಇದರ ಜೊತೆಗೆ ನಿವೇಶನದ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಹಾಗೂ ಅಧಿಭಾರ, ಮತ್ತು ನೋಂದಣಿ ಶುಲ್ಕ ಪಾವತಿಸಬೇಕು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಹೆಚ್ಚಿಸಲಾಗಿರುವುದರಿಂದ ಗ್ರಾಮೀಣ ಪ್ರದೇಶದಲ್ಲಿ ಒಟ್ಟು ಶೇ. 7.65ರಷ್ಟು ಆಗುತ್ತದೆ. 8 ಲಕ್ಷ ರೂ. ನಿವೇಶನಕ್ಕೆ ಇದು 61,200 ರೂ. ಎಲ್ಲ ಸೇರಿ 30 ಲಕ್ಷ ರೂ.ಗಳಿಗೆ ಸ್ವಲ್ಪ ಮೇಲ್ಪಟ್ಟ ಮೊತ್ತ ಬೇಕು.

ಉಳಿತಾಯದ 12 ಲಕ್ಷ ರೂ. ತೊಡಗಿಸಿ, ಉಳಿದ 18 ಲಕ್ಷ ರೂ.ಗಳನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಸಾಲ ಪಡೆದರೆ ಮಾಸಿಕ ಕಂತು ಸುಮಾರು 15,620 ರೂ. ಮೊದಲ ತಿಂಗಳ ಈ ಕಂತಿನಲ್ಲಿ ಬಡ್ಡಿಯೇ 12,750 ರೂ.; ಅಸಲಿಗೆ ಜಮೆಯಾಗುವುದು ಕೇವಲ 2,870 ರೂ. ಬಾಡಿಗೆಯ ಹಣ ಮರಳಿ ಬಾರದು ಎನ್ನುವವರು ಬಡ್ಡಿಯ ಹಣವೂ ಮರಳಿ ಬಾರದು ಎಂಬುದನ್ನು ಮರೆಯಬಾರದು. 20 ವರ್ಷಗಳಲ್ಲಿ ಬಡ್ಡಿಯ ಬಾಬ್ತು ಪಾವತಿಯಾಗುವ ಒಟ್ಟು ಮೊತ್ತ 19 ಲಕ್ಷ ರೂ. ಮೀರುತ್ತದೆ, ಅಂದರೆ ಪಡೆದ ಸಾಲಕ್ಕಿಂತಲೂ ಅಧಿಕ.

ಸಾಮಾನ್ಯವಾಗಿ ಲೆಕ್ಕದಿಂದ ಬಿಟ್ಟುಹೋಗುವ ಬಾಬ್ತು ಇನ್ನೊಂದಿದೆ. ಸ್ವಂತ ಉಳಿತಾಯದ 12 ಲಕ್ಷ ರೂ.ಗಳನ್ನು ಶೇ. 6.5ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ತಿಂಗಳಿಗೆ 6,500 ರೂ. ಬರುತ್ತಿತ್ತು. ಮನೆ ಕಟ್ಟಿದ ಮೇಲೆ ಆ ಆದಾಯ ನಿಲ್ಲುತ್ತದೆ. ಆದುದರಿಂದ ಮೊದಲ ವರ್ಷದಲ್ಲಿ ಸ್ವಂತ ಮನೆಯ ವಾಸ್ತವಿಕ ಮಾಸಿಕ ವೆಚ್ಚ 12,750 ಮತ್ತು 6,500 ಸೇರಿ 19,250 ರೂ.; ಬಾಡಿಗೆ 6,000 ರೂ. ವರ್ಷವೊಂದಕ್ಕೆ ವ್ಯತ್ಯಾಸ ಸುಮಾರು 1.59 ಲಕ್ಷ ರೂ. ಕಟ್ಟಡವು ವರ್ಷದಿಂದ ವರ್ಷಕ್ಕೆ ಹಳೆಯದಾಗುವ ವಸ್ತು. ಬೆಲೆ ಏರಬೇಕಾದುದು ನೆಲದ್ದು. 8 ಲಕ್ಷ ರೂ. ನಿವೇಶನವು ಆ ವರ್ಷ ಶೇ. 20ರಷ್ಟು ಏರಿದರೆ ಮಾತ್ರ ಈ ವ್ಯತ್ಯಾಸ ಸರಿದೂಗುತ್ತದೆ. ಬಡಾವಣೆಯ ಮಾರಾಟಗಾರರು ಅಂತಹ ಏರಿಕೆಯ ಭರವಸೆಯನ್ನು ಧಾರಾಳವಾಗಿ ನೀಡುತ್ತಾರೆ. ಬರಹದಲ್ಲಿ ನೀಡುವವರು ವಿರಳ.

ಹಾಗೆಂದು ಸ್ವಂತ ಮನೆ ಎಂದಿಗೂ ಲಾಭದಾಯಕವಲ್ಲ ಎಂದು ಅರ್ಥವಲ್ಲ. ಬಾಡಿಗೆ ವರ್ಷಕ್ಕೆ ಶೇ. 5ರಷ್ಟು ಏರುತ್ತದೆಂದು ಭಾವಿಸಿದರೆ 6,000 ರೂ. ಬಾಡಿಗೆಯು ಸುಮಾರು 14 ವರ್ಷಗಳಲ್ಲಿ ಎರಡರಷ್ಟಾಗಿ, 21ನೇ ವರ್ಷದಲ್ಲಿ 15,900 ರೂ. ಮುಟ್ಟುತ್ತದೆ. ಅಷ್ಟರಲ್ಲಿ ಸಾಲ ತೀರಿರುತ್ತದೆ. ಕಟ್ಟಿದವರಿಗೆ ಅನುಕೂಲ ದೊರೆಯುವುದು ಅಲ್ಲಿಂದ ಮುಂದೆ. ಐದಾರು ವರ್ಷಗಳಲ್ಲಿ ವರ್ಗಾವಣೆಯಾಗುವ ನೌಕರರು ಹಾಗೂ ಮಕ್ಕಳ ಓದು ಮುಗಿದ ಬಳಿಕ ಊರು ಬದಲಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಗ್ರಾಮಠಾಣಾದಲ್ಲಿ ಸ್ವಂತ ಜಾಗ ಇರುವವರ ಸ್ಥಿತಿ ಭಿನ್ನ. ಅದೇ ಹತ್ತು ಚದರದ ಮನೆಗೆ ಅವರಿಗೆ ಬೇಕಾದುದು 21.5 ಲಕ್ಷ ರೂ. ಸ್ವಂತ ಹಣ 11.5 ಲಕ್ಷ ರೂ. ಹಾಕಿ 10 ಲಕ್ಷ ರೂ. ಸಾಲ ಪಡೆದರೆ ಕಂತು ಸುಮಾರು 8,680 ರೂ. ಮೇಲೆ ಹೇಳಿದ ದರದಲ್ಲಿ ಬಾಡಿಗೆಯು ಒಂಬತ್ತನೇ ವರ್ಷದಲ್ಲಿಯೇ ಈ ಕಂತನ್ನು ದಾಟುತ್ತದೆ. ಇಂತಹ ಕುಟುಂಬಗಳು ಊರಿನಲ್ಲಿಯೇ ನೆಲೆಸುವ ಇಚ್ಛೆ ಉಳ್ಳವರಾದರೆ ಕಟ್ಟುವುದೇ ಸೂಕ್ತ.

ಕಟ್ಟುವ ಅವಧಿಯ ದುಪ್ಪಟ್ಟು ಹೊರೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯ ಹಿಂದಿರುವುದು ಮುಖ್ಯವಾಗಿ ಈ ಅವಧಿಯ ಅನುಭವ. ಬ್ಯಾಂಕುಗಳು ಸಾಲವನ್ನು ತಳಪಾಯ, ಗೋಡೆ, ಆರ್.ಸಿ.ಸಿ. ಮೇಲ್ಛಾವಣಿ, ಗಾರೆ ಎಂಬ ಹಂತಗಳಲ್ಲಿ ಬಿಡುಗಡೆ ಮಾಡುತ್ತವೆ. ಬಿಡುಗಡೆಯಾದ ಮೊತ್ತಕ್ಕೆ ಅಂದಿನಿಂದಲೇ ಬಡ್ಡಿ ಆರಂಭವಾಗುತ್ತದೆ. ಇತ್ತ ಬಾಡಿಗೆಯೂ ನಿಲ್ಲುವುದಿಲ್ಲ. ಹತ್ತು ತಿಂಗಳ ಕಾಮಗಾರಿಯಲ್ಲಿ ಸರಾಸರಿ ಅರ್ಧ ಸಾಲ ಬಳಕೆಯಲ್ಲಿದ್ದರೂ ಬಡ್ಡಿ ಸುಮಾರು 64,000 ರೂ., ಬಾಡಿಗೆ 60,000 ರೂ. ಕಾಮಗಾರಿ ಮಳೆಗಾಲಕ್ಕೆ ಸಿಕ್ಕಿ ನಿಂತರೆ ಇನ್ನೂ ಹೆಚ್ಚು. ಈ ಒಂದೂಕಾಲು ಲಕ್ಷ ರೂ.ಗಳನ್ನು ಮೊದಲೇ ಪ್ರತ್ಯೇಕವಾಗಿ ತೆಗೆದಿರಿಸದವರು ಮೇಲ್ಛಾವಣಿಯ ಹಂತದಲ್ಲಿ ಕೈಸಾಲಕ್ಕೆ ಹೋಗುವ ಸಂಭವ ಹೆಚ್ಚು. ಅಂತಹ ಸಾಲದ ಬಡ್ಡಿ ಬ್ಯಾಂಕಿನ ದರದಲ್ಲಿ ಇರುವುದಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಗಳಂತೆ 30 ಲಕ್ಷ ರೂ.ವರೆಗಿನ ಗೃಹ ಸಾಲಗಳಲ್ಲಿ ಸ್ವತ್ತಿನ ಮೌಲ್ಯದ ಗರಿಷ್ಠ ಶೇ. 90ರವರೆಗೆ ಸಾಲ ನೀಡಬಹುದಾಗಿದೆ. ಆದರೆ 10 ಲಕ್ಷ ರೂ. ಮೀರಿದ ಸ್ವತ್ತುಗಳಲ್ಲಿ ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಆ ಮೌಲ್ಯಕ್ಕೆ ಸೇರಿಸಲಾಗದು. ಅದನ್ನು ಕೈಯಿಂದಲೇ ಭರಿಸತಕ್ಕದ್ದು. ಬದಲಾಗುವ ಬಡ್ಡಿದರದ ಗೃಹ ಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಗೃಹ ಸಾಲದಿಂದ ಆದಾಯ ತೆರಿಗೆ ಉಳಿಯುತ್ತದೆ ಎಂಬುದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ನಿಜ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತ ದೊರೆಯುವುದಿಲ್ಲ. ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ.

20 ವರ್ಷದ ಸಾಲವೆಂದರೆ 20 ವರ್ಷದ ದುಡಿಮೆಯನ್ನು ಮುಂಗಡವಾಗಿ ಒತ್ತೆ ಇಟ್ಟಂತೆ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಗೊಂಡು ಊರಿಗೇ ಆಧಾರವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿದುದನ್ನು ಇಲ್ಲಿನ ಹಿರಿಯರು ಬಲ್ಲರು. ಒಂದೇ ಉದ್ಯಮವನ್ನು ನಂಬಿದ ಊರಿನಲ್ಲಿ ಉದ್ಯಮ ನಿಂತಾಗ ಬಾಡಿಗೆದಾರನು ಬೇರೆಡೆಗೆ ಹೋಗಬಹುದು. ಕಂತು ಕಟ್ಟುವವನಿಗೆ ಆ ಅವಕಾಶ ಕಡಿಮೆ. ಆರು ತಿಂಗಳ ಕಂತಿನಷ್ಟು ಹಣವನ್ನು ಮುಟ್ಟದೆ ಉಳಿಸಿಕೊಳ್ಳುವುದು ಕ್ಷೇಮ.

ದಿನನಿತ್ಯದ ಓಡಾಟವೂ ಲೆಕ್ಕಕ್ಕೆ ಬರಬೇಕು. ಹೋಗಿ ಬರಲು ದಿನಕ್ಕೆ 40 ಕಿ.ಮೀ. ದ್ವಿಚಕ್ರ ವಾಹನ ಓಡಿಸುವವರಿಗೆ, ಲೀಟರಿಗೆ 45 ಕಿ.ಮೀ. ಹಾಗೂ 103 ರೂ. ದರದಂತೆ, ತಿಂಗಳ 25 ದಿನಕ್ಕೆ ಸುಮಾರು 2,300 ರೂ. ಪೆಟ್ರೋಲಿಗೇ ಬೇಕು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಬಸ್ಸಿನ ವೇಳೆಯನ್ನು ಕ್ರಯದ ಮುನ್ನವೇ ವಿಚಾರಿಸುವುದು ಒಳಿತು.

ನಿವೇಶನದ ದಾಖಲೆಗಳು

ಕುಟುಂಬದ ಜೀವಮಾನದ ಉಳಿತಾಯ ಅಪಾಯಕ್ಕೆ ಸಿಲುಕುವುದು ಬಹುತೇಕ ಈ ಹಂತದಲ್ಲಿ. ಮನೆಯ ಬಾಗಿಲು ಯಾವ ದಿಕ್ಕಿಗೆ ಇರಬೇಕೆಂಬುದಕ್ಕೆ ತೋರುವ ಆಸ್ಥೆಯ ಅರ್ಧದಷ್ಟನ್ನು ಋಣಭಾರ ಪತ್ರಕ್ಕೆ ತೋರಿದರೂ ಎಷ್ಟೋ ವ್ಯಾಜ್ಯಗಳು ತಪ್ಪುತ್ತವೆ.

ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961ರ 79ಎ ಮತ್ತು 79ಬಿ ಪ್ರಕರಣಗಳನ್ನು 2020ರಲ್ಲಿ ಕೈಬಿಟ್ಟ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಖರೀದಿಸಬಹುದಾಗಿದೆ. ಇದನ್ನೇ ಮುಂದಿಟ್ಟುಕೊಂಡು, ಪಹಣಿ ಇರುವ ಜಮೀನಿನಲ್ಲಿಯೇ ಮನೆ ಕಟ್ಟಬಹುದು ಎಂದು ನಂಬಿಸುವವರಿದ್ದಾರೆ. ಖರೀದಿಸುವ ಹಕ್ಕು ಬೇರೆ, ವಾಸಕ್ಕೆ ಬಳಸುವ ಅನುಮತಿ ಬೇರೆ. ಕೃಷಿ ಜಮೀನನ್ನು ವಸತಿಗೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿ ಭೂಪರಿವರ್ತನೆ, ಜನರ ಮಾತಿನಲ್ಲಿ ‘ಅಲಿನೇಷನ್’, ಆಗಿರಬೇಕು. ಅದಾದ ಮೇಲೂ ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆ ಪ್ರತ್ಯೇಕವಾಗಿ ಬೇಕು. ‘ಅಲಿನೇಷನ್ ಆಗಿದೆ’ ಎಂಬ ಒಂದೇ ಮಾತಿಗೆ ಮುಂಗಡ ನೀಡಬಾರದು.

ಅನುಮೋದನೆ ನೀಡುವ ಪ್ರಾಧಿಕಾರ ಯಾವುದೆಂಬುದು ಸರ್ವೆ ನಂಬರಿನ ಮೇಲೆ ಅವಲಂಬಿಸಿದೆ. ಸದರಿ ಸರ್ವೆ ನಂಬರು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ದೂಡಾದ, ಸ್ಥಳೀಯ ಯೋಜನಾ ಪ್ರದೇಶದೊಳಗೆ ಬಂದಲ್ಲಿ ಪ್ರಾಧಿಕಾರದ ಕಛೇರಿಯಲ್ಲಿ ಮಹಾಯೋಜನೆಯ ನಕ್ಷೆ ನೋಡಿ, ಆ ಜಾಗ ವಸತಿ ವಲಯದಲ್ಲಿದೆಯೇ, ರಸ್ತೆಗೆ ಅಥವಾ ಉದ್ಯಾನಕ್ಕೆ ಕಾಯ್ದಿರಿಸಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಹೊರಗಿದ್ದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಛೇರಿಯಲ್ಲಿ ವಿಚಾರಿಸುವುದು. ಯಾವುದೇ ಸಂದರ್ಭದಲ್ಲಿ ಅನುಮೋದಿತ ವಿನ್ಯಾಸ ನಕ್ಷೆಯ ಜೊತೆಗೆ ನಿವೇಶನ ಬಿಡುಗಡೆಯ ಪತ್ರವನ್ನೂ ಕೇಳಿ ಪಡೆಯಬೇಕು. ನಕ್ಷೆಯಲ್ಲಿರುವ ನಿವೇಶನವೆಲ್ಲ ಮಾರಾಟಕ್ಕೆ ಬಿಡುಗಡೆಯಾಗಿರುವುದಿಲ್ಲ.

ಯೋಜನಾ ಪ್ರದೇಶದಲ್ಲಿ 500 ಚ.ಮೀ. ಮೀರಿದ ಬಡಾವಣೆಯು ರೇರಾ ಅಧಿನಿಯಮ, 2016ರಡಿ ನೋಂದಣಿ ಆಗತಕ್ಕದ್ದು. ಈ ವಿಸ್ತೀರ್ಣ ಐದು ಗುಂಟೆಗಿಂತ ಕಿಂಚಿತ್ ಕಡಿಮೆ; ಅಂದರೆ ಅರ್ಧ ಎಕರೆಯ ಬಡಾವಣೆಗೂ ರೇರಾ ಸಂಖ್ಯೆ ಇರಬೇಕು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಕೃಷಿಯೇತರ ಸ್ವತ್ತುಗಳಿಗೆ 2013ರಿಂದ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11 ನೀಡಲಾಗುತ್ತಿದೆ. ನಮೂನೆ 9 ಗ್ರಾಮಠಾಣಾ, ಭೂಪರಿವರ್ತನೆಯೊಂದಿಗೆ ಅನುಮೋದಿತ ವಿನ್ಯಾಸ ಅಥವಾ ಸರ್ಕಾರಿ ವಸತಿ ಯೋಜನೆಯ ಸ್ವತ್ತುಗಳಿಗೆ ಸಂಬಂಧಿಸಿದ್ದು. ನಮೂನೆ 11ಬಿ ಮಾತ್ರ ಇರುವ ಸ್ವತ್ತು ತೆರಿಗೆಯ ವಹಿಯಲ್ಲಿ ದಾಖಲಾಗಿದೆ ಎಂದಷ್ಟೇ ಅರ್ಥ. ಅದರಿಂದ ಬಡಾವಣೆ ಅನುಮೋದಿತವಾಗಿದೆ ಎಂದು ತಿಳಿಯಬಾರದು. ಕಂದಾಯ ರಸೀದಿ ತೋರಿಸಿ ನಿವೇಶನ ಸಕ್ರಮವೆನ್ನುವುದೂ ಇದೇ ಬಗೆಯ ತಪ್ಪು ಗ್ರಹಿಕೆ.

ಇನ್ನು ಜಂಟಿ ಪಹಣಿಯ ವ್ಯವಹಾರ. ಎಕರೆ ಜಮೀನಿನಲ್ಲಿ ಹತ್ತಾರು ಜನರಿಗೆ ಗುಂಟೆಗಳ ಲೆಕ್ಕದಲ್ಲಿ ಪಾಲು ಮಾರಿ, ಸುಣ್ಣದ ಗೆರೆ ಎಳೆದು ಇದು ತಮ್ಮ ನಿವೇಶನ ಎಂದು ತೋರಿಸುವ ಪದ್ಧತಿ ರಾಜ್ಯದ ಹಲವು ನಗರಗಳ ಅಂಚಿನಲ್ಲಿದೆ. ಇಂತಹ ಖರೀದಿದಾರರಿಗೆ ದೊರೆಯುವುದು ಜಮೀನಿನಲ್ಲಿ ಅವಿಭಜಿತ ಪಾಲು, ಗೆರೆಯೊಳಗಿನ ನಿವೇಶನವಲ್ಲ. ರಸ್ತೆ ಯಾರದೆಂಬ ಪ್ರಶ್ನೆ ಬಂದಾಗ ಉತ್ತರ ಹೇಳುವವರು ಇರುವುದಿಲ್ಲ. ಸಾಮಾನ್ಯ ಅಧಿಕಾರ ಪತ್ರ ಹಾಗೂ ಛಾಪಾ ಕಾಗದದ ಕರಾರಿನಿಂದ ಸ್ವತ್ತಿನ ಹಕ್ಕು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರಕ್ಕೆ ಪರ್ಯಾಯವಿಲ್ಲ.

ಮಾರಾಟಗಾರರ ಹಕ್ಕನ್ನು ಪರಿಶೀಲಿಸುವಾಗ ಕನಿಷ್ಠ 30 ವರ್ಷಗಳ ಋಣಭಾರ ಪತ್ರ ಪಡೆಯುವುದು ರೂಢಿ. ಇದನ್ನು ಕಾವೇರಿ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸಿ ಪಡೆಯಬಹುದು. ಆದರೆ ನೋಂದಣಿಯಾಗದ ಕರಾರು, ಕುಟುಂಬದ ಪಾಲಿನ ತಕರಾರು ಮುಂತಾದವು ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತ ಜಮೀನಾದಲ್ಲಿ ಹೆಣ್ಣುಮಕ್ಕಳ ಒಪ್ಪಿಗೆ ಅಗತ್ಯ: ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯಂತೆ ಅವರೂ ಜನ್ಮತಃ ಸಮಾನ ಪಾಲುದಾರರೆಂದು, ತಿದ್ದುಪಡಿಯ ದಿನ ತಂದೆ ಜೀವಂತ ಇರಬೇಕಾದುದಿಲ್ಲವೆಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದೆ. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಅಧಿನಿಯಮ ನಿಷೇಧಿಸುತ್ತದೆ. 2023ರ ತಿದ್ದುಪಡಿಯ ತರುವಾಯ ಅಂತಹ ಜಮೀನನ್ನು ಮರಳಿ ಕೋರಲು ಕಾಲಮಿತಿಯೂ ಇಲ್ಲ. ಆದುದರಿಂದ ಜಮೀನಿನ ಮೂಲ ಮಂಜೂರಾತಿ ದಾಖಲೆಯನ್ನು ತಾಲ್ಲೂಕು ಕಛೇರಿಯಲ್ಲಿ ನೋಡದೆ ಮುಂದುವರಿಯಬಾರದು.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಾವತಿಸುವುದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಹಾಗೂ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ.

ಗ್ರಾಮಠಾಣಾದ ಹಳೆಯ ಜಾಗದವರಿಗೆ ಇಷ್ಟೆಲ್ಲ ತೊಡಕಿಲ್ಲವಾದರೂ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು ಸಾಲದು. ನೋಂದಾಯಿತ ವಿಭಾಗಪತ್ರ ಮಾಡಿಸಿ, ಇ-ಸ್ವತ್ತಿನಲ್ಲಿ ಪ್ರತ್ಯೇಕ ಖಾತೆ ಮಾಡಿಸಿಕೊಂಡ ನಂತರವೇ ಹಳೆಯ ಗೋಡೆ ಕೆಡವುವುದು ಲೇಸು.

ನೆಲ, ನೀರು ಮತ್ತು ಬೆಳಕು

ಹರಿಹರ ತಾಲ್ಲೂಕಿನ ಬಹುಭಾಗ ಭದ್ರಾ ಬಲದಂಡೆ ಕಾಲುವೆಯ ಅಚ್ಚುಕಟ್ಟಿನ ಪ್ರದೇಶ. ಭತ್ತ ಇಲ್ಲಿನ ಪ್ರಮುಖ ಬೆಳೆ. ಗದ್ದೆಯಾಗಿದ್ದ ಜಾಗದಲ್ಲಿ, ವಿಶೇಷವಾಗಿ ಎರೆಮಣ್ಣಿನಲ್ಲಿ, ತಳಪಾಯದ ಖರ್ಚು ಹೆಚ್ಚು. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆಳವಿಲ್ಲದ ಕಲ್ಲಿನ ತಳಪಾಯದ ಮೇಲೆ ಎತ್ತಿದ ಗೋಡೆಗಳು ಎರಡು ಮೂರು ವರ್ಷದಲ್ಲೇ ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳುವುದಕ್ಕೆ ಇದೇ ಕಾರಣ. ಮೇಲೆ ಕೆಂಪು ಮಣ್ಣು ಹಾಕಿ ಸಮತಟ್ಟು ಮಾಡಿದ ನಿವೇಶನ ನೋಡಿ ಮೋಸಹೋಗದೆ, ಐದಾರು ಅಡಿ ಗುಂಡಿ ತೆಗೆಸಿ ನೋಡತಕ್ಕದ್ದು. ಅಗತ್ಯವಿದ್ದಲ್ಲಿ ಇಂಜಿನಿಯರ ಸಲಹೆಯಂತೆ ಮಣ್ಣಿನ ಚಲನೆ ಇರುವ ಪದರದ ಕೆಳಗೆ ಇಳಿಯುವ ಕಂಬಗಳು ಮತ್ತು ಅವುಗಳನ್ನು ಬಿಗಿಯುವ ಕಾಂಕ್ರೀಟ್ ತೊಲೆ ಹಾಕಿಸಬೇಕು. ಇದರ ವೆಚ್ಚ ಚದರದ ದರದಲ್ಲಿ ಸೇರಿದೆಯೇ ಎಂದು ಗುತ್ತಿಗೆದಾರರಿಂದ ಬರಹದಲ್ಲಿ ಪಡೆಯುವುದು.

ಕಾಲುವೆಗೆ ನೀರು ಬಿಟ್ಟಾಗ ಸುತ್ತಲಿನ ಗದ್ದೆಗಳ ಒಸರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಪಕ್ಕದ ರೈತರು ಮಾರಾಟಗಾರರಿಗಿಂತ ಚೆನ್ನಾಗಿ ಬಲ್ಲರು. ನದಿಯ ಸಮೀಪದ ತಗ್ಗು ಪ್ರದೇಶವಾದರೆ 2019ರ ಆಗಸ್ಟ್‌ನ ತುಂಗಭದ್ರಾ ನೆರೆಯ ವೇಳೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ತಿಳಿಯಬೇಕು.

ವಿದ್ಯುತ್ ಸಂಪರ್ಕದ ವಿಷಯದಲ್ಲಿ, ಸ್ವಾಧೀನಾನುಭವ ಅಥವಾ ಪೂರ್ಣತಾ ಪತ್ರ ನೋಡಿದ ನಂತರವೇ ಸೇವಾ ಸಂಪರ್ಕ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ನಿರ್ದೇಶಿಸಿದ ಬಳಿಕ ಅನುಮೋದಿತ ನಕ್ಷೆಯ ಮಹತ್ವ ಹೆಚ್ಚಿದೆ. ತಳಪಾಯ ತೋಡುವ ಮುನ್ನ ಬೆಸ್ಕಾಂ ಉಪವಿಭಾಗದ ಕಛೇರಿಯಲ್ಲಿ ತಮ್ಮ ಅಳತೆಯ ನಿವೇಶನಕ್ಕೆ ಬೇಕಾಗುವ ಪತ್ರಗಳನ್ನು ವಿಚಾರಿಸುವುದು. ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಪ್ರತ್ಯೇಕವಾಗಿ ಪಡೆಯತಕ್ಕದ್ದು.

ಬಾಡಿಗೆಯಲ್ಲಿ ಮುಂದುವರಿಯುವವರಿಗೆ

ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿರುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಯ ನೋಂದಣಿ ಕಡ್ಡಾಯ ಎಂಬುದು. ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ರಕ್ಷಣೆಯು ಸ್ಥಳಕ್ಕನುಗುಣವಾಗಿ ಮಾಸಿಕ 3,500 ಅಥವಾ 2,000 ರೂ. ಮೀರದ ಬಾಡಿಗೆಗಳಿಗೆ ಮಾತ್ರ. ಇಂದಿನ ಬಹುಪಾಲು ಮನೆಗಳು ಇದರ ಹೊರಗಿದ್ದು, ಅವುಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಏನೂ ಹೇಳದಿದ್ದರೆ ತಿಂಗಳ ಬಾಡಿಗೆದಾರರಿಗೆ 15 ದಿನಗಳ ನೋಟೀಸು ಸಾಕು. ಮಕ್ಕಳ ಪರೀಕ್ಷೆಯ ಹೊತ್ತಿಗೆ ಮನೆ ಖಾಲಿ ಮಾಡುವ ಪರಿಸ್ಥಿತಿ ಬಾರದಿರಲು ಎರಡು ಅಥವಾ ಮೂರು ತಿಂಗಳ ನೋಟೀಸು, ವಾರ್ಷಿಕ ಏರಿಕೆಯ ಪ್ರಮಾಣ, ಮುಂಗಡ ಮರಳಿಸುವ ದಿನ ಇವುಗಳನ್ನು ಕರಾರಿನಲ್ಲಿ ಬರೆಸತಕ್ಕದ್ದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಹರು.

ತಿಂಗಳ ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ನೀಡಿ ವಾಸಿಸುವ ಭೋಗ್ಯದ ಪದ್ಧತಿಯಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು ಮಾಲೀಕರು ಕಂತು ತಪ್ಪಿಸಿದರೆ, ಬ್ಯಾಂಕು 2002ರ ಸರ್ಫೇಸಿ ಅಧಿನಿಯಮದಡಿ ಸ್ವಾಧೀನಕ್ಕೆ ಬರಬಹುದು. ಭೋಗ್ಯದ ಹಣ ವಸೂಲಿಗೆ ನ್ಯಾಯಾಲಯ ಅಲೆಯಬೇಕಾಗುತ್ತದೆ. ಮನೆ ಕಟ್ಟಲೆಂದು ಕೂಡಿಟ್ಟ ಹಣವನ್ನು ನೋಂದಣಿ ಇಲ್ಲದ ಭೋಗ್ಯಕ್ಕೆ ಹಾಕುವುದಕ್ಕಿಂತ ಬಾಡಿಗೆ ನೀಡಿ, ಹಣವನ್ನು ಠೇವಣಿಯಲ್ಲಿ ಇಡುವುದು ಸುರಕ್ಷಿತ.

ಸಂಪರ್ಕಿಸಬೇಕಾದ ಕಛೇರಿಗಳು

ಖಾತೆ ಮತ್ತು ಕಟ್ಟಡ ಪರವಾನಗಿಗೆ ಸಂಬಂಧಿಸಿದ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರನ್ನು, ಪಹಣಿ ಹಾಗೂ ಮಂಜೂರಾತಿ ದಾಖಲೆಗಳಿಗೆ ಹರಿಹರ ತಾಲ್ಲೂಕು ಕಛೇರಿಯನ್ನು, ಋಣಭಾರ ಪತ್ರ ಮತ್ತು ನೋಂದಣಿಗೆ ಉಪನೋಂದಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸುವುದು. ಸ್ವಂತ ನಿವೇಶನ ಅಥವಾ ಮನೆ ಇಲ್ಲದ ಬಡ ಕುಟುಂಬಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಜಾರಿಯಾಗುವ ಯೋಜನೆಗಳ ಫಲಾನುಭವಿ ಆಯ್ಕೆಗಾಗಿ ಗ್ರಾಮಸಭೆಯಲ್ಲಿ ಹೆಸರು ನೀಡತಕ್ಕದ್ದು. ದಾಖಲೆಗಳ ಬಗ್ಗೆ ಸಂಶಯವಿದ್ದು ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ಉಚಿತ ನೆರವಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ.